ಮೊದಲು ನೀರು ನೋಡು, ಫಿಲ್ಟರ್ ಆಮೇಲೆ

ಪ್ರೀತಿಯ ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಹೊಸಕೋಟೆಯ ಮನೆಯಲ್ಲಿ ಹಾಲು ಉಕ್ಕಿಸಿದ್ದಾಯಿತು, ಸಾಮಾನು ಹೊಂದಿಸಿದ್ದಾಯಿತು, ಇನ್ನು ಕುಡಿಯುವ ನೀರಿಗೆ ಫಿಲ್ಟರ್ ತರಬೇಕು, ಯಾವ ಕಂಪನಿಯದು ಒಳ್ಳೆಯದು ಎಂದು ಕೇಳಿದ್ದೀಯ. ಕಂಪನಿ ಹೆಸರು ಹೇಳುವುದಕ್ಕೆ ಇನ್ನೂ ಹೊತ್ತಾಗಿಲ್ಲ ಪುಟ್ಟಿ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಏನೇನಿದೆ ಎನ್ನುವುದು ಮೊದಲು ಗೊತ್ತಾಗಬೇಕು. ಯಾವ ಮಷೀನು ಎನ್ನುವುದನ್ನು ನೀರು ಹೇಳುತ್ತದೆ, ಅಂಗಡಿಯವರಲ್ಲ.

ನೂರಿನ್ನೂರು ರೂಪಾಯಿ ಕೊಟ್ಟು ಒಂದು ಟಿಡಿಎಸ್ ಮೀಟರ್ ತರಿಸಿಕೋ. ಪೆನ್ನಿನಷ್ಟು ಉದ್ದದ ಸಾಧನ, ನೀರಿಗೆ ಅದ್ದಿದರೆ ಕರಗಿದ ಲವಣದ ಅಂಕಿ (ಅದೇ ಟಿಡಿಎಸ್) ತೋರಿಸುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನಕ ಐಎಸ್ 10500. ಅದರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಲವಣ ಇದ್ದರೆ ಚಿಂತೆಯಿಲ್ಲ. ಬೇರೆ ನೀರಿನ ಮೂಲವೇ ಇಲ್ಲದಿದ್ದಾಗ 2000ದವರೆಗೆ ಸಹಿಸಿಕೊಳ್ಳಬಹುದು. ಆದರೆ ಈ ಮೀಟರಿಗೆ ಕಾಣುವುದು ನೀರಿನಲ್ಲಿ ಕರಗಿದ ಲವಣದ ಒಟ್ಟು ಮೊತ್ತ ಮಾತ್ರ. ಅದರಲ್ಲಿ ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಎಂದು ಅದು ಹೇಳಲಾರದು. ಚರಂಡಿ ನೀರು ಬೆರೆತು ರೋಗಾಣು ಸೇರಿದ್ದರೂ ಅದಕ್ಕೆ ತಿಳಿಯುವುದಿಲ್ಲ.

ಆದ್ದರಿಂದ ಒಂದು ಸಲ ಲ್ಯಾಬಿಗೆ ಕೊಡಲೇಬೇಕು. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಗಳಿವೆ, ಮಾನ್ಯತೆ ಪಡೆದ ಖಾಸಗಿ ಲ್ಯಾಬುಗಳೂ ಇವೆ. ರಾಸಾಯನಿಕ ಪರೀಕ್ಷೆಗೆ ಎರಡು ಲೀಟರ್ ಹಿಡಿಯುವ ಹೊಸ ಪ್ಲಾಸ್ಟಿಕ್ ಕ್ಯಾನ್ ತೆಗೆದುಕೋ, ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿಸು. ನೀರನ್ನು ಬೋರ್ ಪೈಪಿನಿಂದ ನೇರವಾಗಿ ಹಿಡಿ, ಸಂಪಿನಿಂದ ಬೇಡ. ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಬಾಟಲಿ ಬೇಕು. ಇದಕ್ಕೆ ಅಡುಗೆಮನೆಯ ನಲ್ಲಿಯ ನೀರನ್ನೇ ಕೊಡು, ಸಂಪು, ಟ್ಯಾಂಕು, ಪೈಪು ದಾಟಿ ನಿಮ್ಮ ಲೋಟಕ್ಕೆ ಬರುವ ನೀರು ಅದು. ನಲ್ಲಿಯನ್ನು ಎರಡು ಮೂರು ನಿಮಿಷ ಹರಿಯಬಿಟ್ಟು, ಬಾಟಲಿಯ ಬಾಯಿ ಮುಟ್ಟದೆ ತುಂಬಿಸಿ, ಐಸ್ ಜೊತೆಗಿಟ್ಟು ಅವತ್ತೇ ತಲುಪಿಸು. ಒಟ್ಟು ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಇ-ಕೊಲೈ ಎಂಬ ರೋಗಾಣು, ಈ ಐದನ್ನೂ ಹೆಸರು ಹೇಳಿ ಬರೆಸು.

ಫ್ಲೋರೈಡ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಿಮ್ಮ ಮನೆಯಿಂದ ಪೂರ್ವಕ್ಕೆ ಹೋದಂತೆ ಕೋಲಾರ, ಉತ್ತರಕ್ಕೆ ಚಿಕ್ಕಬಳ್ಳಾಪುರ, ಎರಡೂ ಫ್ಲೋರೈಡ್ ಬಾಧಿಸುವ ಸೀಮೆಗಳು. ಅದು ಗ್ರಾನೈಟ್ ಬಂಡೆಯಿಂದಲೇ ಕರಗಿ ಬರುವಂಥದ್ದು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಸಿಗುವುದಿಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, 1.5 ದಾಟಿದರೆ ಆ ನೀರು ಕುಡಿಯಕೂಡದು. ಕೂಸಿಗೆ ಈಗ ಒಂದೂವರೆ ವರ್ಷ. ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಕಾಲ ಇದು. ಈಗ ಫ್ಲೋರೈಡ್ ಹೆಚ್ಚಾದರೆ ಮುಂದೆ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಮಾತ್ರ ಅಲ್ಲೇ ಇರುತ್ತದೆ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಹಾಗಾಗಿ ಮಗುವಿನ ಹಾಲಿಗೆ, ಗಂಜಿಗೆ ಬೋರ್ ನೀರನ್ನೇ ಕುದಿಸಿ ಬಳಸುತ್ತಿದ್ದರೆ ವರದಿ ಬರುವವರೆಗೆ ನಿಲ್ಲಿಸು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತರಿಸಿಕೋ, ತಂದ ಮೇಲೆ ಅದಕ್ಕೂ ಮೀಟರ್ ಅದ್ದಿ ನೋಡು. ಬೋರ್ ನೀರಿನಷ್ಟೇ ಅಂಕಿ ತೋರಿಸಿದರೆ ಆ ಘಟಕದ ಮೆಂಬ್ರೇನ್, ಅಂದರೆ ಲವಣ ಸೋಸುವ ಪೊರೆ, ಕೆಟ್ಟಿದೆ ಎಂದರ್ಥ.

ಇಷ್ಟರಲ್ಲಿ ಯಾರಾದರೂ ಮನೆ ಬಾಗಿಲಿಗೆ ಬಂದು ಡೆಮೊ ತೋರಿಸುತ್ತೇವೆ ಎನ್ನಬಹುದು. ಎರಡು ಲೋಟ ಇಡುತ್ತಾರೆ, ಒಂದರಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಅವರ ಮಷೀನಿನ ನೀರು. ಕರೆಂಟು ಹರಿಸುವ ಕಡ್ಡಿಗಳನ್ನು ಅದ್ದಿದರೆ ನಿಮ್ಮ ನೀರು ಕ್ಷಣದಲ್ಲಿ ಕಂದು ಬಗ್ಗಡವಾಗುತ್ತದೆ. ಆ ಕೊಳೆ ನೀರಿನದಲ್ಲ, ಕಬ್ಬಿಣದ ಕಡ್ಡಿಯೇ ಕರಗಿ ಬಿಟ್ಟ ತುಕ್ಕು. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿದು ಕಡ್ಡಿ ಕರಗುತ್ತದೆ, ಲವಣ ತೆಗೆದ ನೀರಿನಲ್ಲಿ ಕರಗುವುದಿಲ್ಲ. ಅವರ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ತೋರಿಸಲು ಹೇಳು, ಅದೂ ಬಗ್ಗಡವಾಗುತ್ತದೆ. ಈ ಆಟ ಆಡುವವರ ಕೈಯಲ್ಲಿ ಏನನ್ನೂ ಕೊಳ್ಳಬೇಡ.

ಮೀಟರಿನಲ್ಲಿ ಟಿಡಿಎಸ್ 500 ಒಳಗಿದ್ದು, ವರದಿಯಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿದ್ದು, ನೈಟ್ರೇಟ್ 45 ಮಿಲಿಗ್ರಾಂ ಮೀರದಿದ್ದರೆ ಆರ್‌ಒ, ಅಂದರೆ ಮೆಂಬ್ರೇನಿನಿಂದ ಲವಣ ತೆಗೆಯುವ ಮಷೀನು, ಬೇಡವೇ ಬೇಡ. ಬೆಳಕಿನಿಂದಲೇ ರೋಗಾಣು ಕೊಲ್ಲುವ ಯುವಿ ದೀಪ ಇರುವ ಫಿಲ್ಟರ್ ಸಾಕು. ನಿನ್ನ ಅಕ್ಕನ ಮಹದೇವಪುರದ ಮನೆಗೆ ಕಾವೇರಿ ಐದನೇ ಹಂತದ ಸಂಪರ್ಕ ಸಿಕ್ಕಿದೆಯಲ್ಲ, ಅವಳಿಗೂ ಇದನ್ನೇ ಹೇಳು. ಕಾವೇರಿ ನೀರಿಗೆ ಆರ್‌ಒ ಹಾಕುವುದೆಂದರೆ ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದ ಸಿಹಿನೀರಿನ ಮುಕ್ಕಾಲು ಪಾಲನ್ನು ಮೋರಿಗೆ ಬಿಡುವುದು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಯುವಿಯ ಇತಿಮಿತಿಯೂ ಗೊತ್ತಿರಲಿ. ಬಗ್ಗಡ ನೀರಿನಲ್ಲಿ ಬೆಳಕು ರೋಗಾಣುವನ್ನು ಮುಟ್ಟುವುದಿಲ್ಲ, ಹಾಗಾಗಿ ಅದಕ್ಕೂ ಮೊದಲು ಮಣ್ಣು, ಕೆಸರು ತಡೆಯುವ ಸೆಡಿಮೆಂಟ್ ಫಿಲ್ಟರ್ ಇರಬೇಕು. ದೀಪ ಉರಿಯುತ್ತಲೇ ಇದ್ದರೂ ವರ್ಷ ಕಳೆಯುವಷ್ಟರಲ್ಲಿ ಅದರ ಶಕ್ತಿ ಕುಂದಿರುತ್ತದೆ.

ನಿಮ್ಮ ಕಡೆಯ ಬೋರ್ ನೀರಿಗೆ ಬಹುಶಃ ಆರ್‌ಒ ಬೇಕಾಗುತ್ತದೆ. ಹಾಗಾದರೆ ನೋಡಬೇಕಾದದ್ದು ಹೊರಗಿನ ಡಬ್ಬಿಯ ಅಂದವನ್ನಲ್ಲ, ಒಳಗಿನ ಮೆಂಬ್ರೇನನ್ನು. ಅದು ಯಾರ ತಯಾರಿಕೆ, ಎಷ್ಟು ಟಿಡಿಎಸ್‌ವರೆಗೆ ತಡೆಯುತ್ತದೆ, ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿ ಬಿಲ್ಲಿನ ಹಿಂದೆ ಬರೆಸಿಕೋ. ವಾರಂಟಿಯಲ್ಲಿ ಮೆಂಬ್ರೇನು, ಕೊಳೆ ಸೋಸುವ ಕ್ಯಾಂಡಲ್ ಸೇರುತ್ತವೆಯೇ ಎಂದು ಬಿಡಿಸಿ ಕೇಳು, ಎಷ್ಟೋ ಕಡೆ ಸೇರುವುದಿಲ್ಲ. ಎಎಂಸಿಯಲ್ಲೂ (ವರ್ಷದ ನಿರ್ವಹಣೆ ಒಪ್ಪಂದ) ಬಿಡಿಭಾಗ ಸೇರಿದ್ದು ಬೇರೆ, ಬರೀ ಸರ್ವಿಸ್ ಬೇರೆ. ಮೂರು ವರ್ಷದ ಖರ್ಚು ಕೂಡಿಸಿ ನೋಡಿದರೆ ಅಗ್ಗದ ಮಷೀನು ಎಷ್ಟೋ ಸಲ ದುಬಾರಿಯಾಗಿರುತ್ತದೆ.

ಟಿಡಿಎಸ್ ಕಂಟ್ರೋಲರ್ ಎಂದು ಒಂದು ಸಣ್ಣ ತಿರುಪು ಇರುತ್ತದೆ. ನೀರು ಸಪ್ಪೆ ಎಂದರೆ ಸರ್ವಿಸ್ ಹುಡುಗರು ಅದನ್ನು ತಿರುಗಿಸಿ ರುಚಿ ಬರಿಸುತ್ತಾರೆ. ಆದರೆ ಆ ರುಚಿ ಬರುವುದು ಮೆಂಬ್ರೇನ್ ದಾಟದ ನೀರನ್ನು ಶುದ್ಧ ನೀರಿಗೆ ಬೆರೆಸುವುದರಿಂದ. ಬೋರ್ ನೀರಿನಲ್ಲಿ ಫ್ಲೋರೈಡ್ ಇದ್ದರೆ ತೆಗೆದ ಫ್ಲೋರೈಡನ್ನು ಮತ್ತೆ ಲೋಟಕ್ಕೆ ಹಾಕಿಕೊಂಡಂತಾಯಿತು. ನಿಮ್ಮಲ್ಲಿ ಅದನ್ನು ಪೂರ್ತಿ ಮುಚ್ಚಿಸು. ಸಪ್ಪೆ ಎನಿಸಿದರೆ ಮಿನರಲ್ ಕಾರ್ಟ್ರಿಡ್ಜ್ ಇರುವುದನ್ನು ಕೊಳ್ಳು. ಇನ್ನು ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಹಾಕಿಸಿದರೆ ಟಿಡಿಎಸ್ ಇಳಿಯುತ್ತದೆ ಎನ್ನುವ ಮಾತೂ ಕಿವಿಗೆ ಬಿದ್ದೀತು, ನಂಬಬೇಡ. ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬರುತ್ತದೆ ಅಷ್ಟೆ. ಸ್ನಾನಕ್ಕೆ, ಗೀಸರಿಗೆ ಅದು ಒಳ್ಳೆಯದು, ಕುಡಿಯುವ ನೀರಿನ ಪ್ರಶ್ನೆ ಹಾಗೇ ಉಳಿಯುತ್ತದೆ.

ಕೂರಿಸುವಾಗ ನೀರಿನ ಒತ್ತಡ ನೋಡಬೇಕು. ಟ್ಯಾಂಕು ನಲ್ಲಿಗಿಂತ ಹತ್ತು ಮೀಟರ್ ಮೇಲಿದ್ದರೆ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕೆಜಿ. ನಿಮ್ಮ ಅಡುಗೆಮನೆ ಮೇಲಿನ ಮಹಡಿಯಲ್ಲಿ, ಟ್ಯಾಂಕಿನ ತಳ ನಲ್ಲಿಯಿಂದ ಮೂರು ನಾಲ್ಕು ಅಡಿ ಮೇಲಷ್ಟೇ. ಅಷ್ಟಕ್ಕೆ ಮಷೀನಿಗೆ ನೀರು ಸಾಲದೆ ಪಂಪು ಆಗಾಗ ನಿಂತುಹೋಗುತ್ತದೆ. ಟ್ಯಾಂಕಿಗೆ ಸ್ಟ್ಯಾಂಡ್ ಹಾಕಿಸಿ ಎತ್ತರಿಸುವಂತೆ ಅಳಿಯಂದಿರಿಗೆ ಹೇಳು. ಮಷೀನಿನ ಹೊರಗೆ ಹತ್ತು ಇಂಚಿನ ಪ್ರೀ-ಫಿಲ್ಟರ್ ಬೌಲ್ ಹಾಕಿಸಲು ಮರೆಯಬೇಡ. ಅದರೊಳಗಿನ ಬಿಳಿ ಕ್ಯಾಂಡಲ್ ಕಂದಾದಾಗ, ಇಲ್ಲದಿದ್ದರೂ ಮೂರು ತಿಂಗಳಿಗೊಮ್ಮೆ, ನೀನೇ ಬದಲಿಸಬಹುದು. ನಲ್ಲಿ ಮುಚ್ಚು, ಬೌಲ್ ತಿರುಗಿಸಿ ಬಿಚ್ಚು, ರಬ್ಬರ್ ರಿಂಗ್ ಜಾಗದಲ್ಲಿದೆಯೇ ನೋಡಿ ಮತ್ತೆ ಬಿಗಿ ಮಾಡು. ರಿಂಗ್ ಜಾರಿದ್ದರೆ ರಾತ್ರಿಯೆಲ್ಲ ಸೋರಿ ಕಟ್ಟೆ ತುಂಬಾ ನೀರಾಗುತ್ತದೆ. ಹೊಸ ಮಷೀನಿನ ಮೊದಲ ಎರಡು ಟ್ಯಾಂಕ್ ನೀರನ್ನು ಕುಡಿಯದೆ ಚೆಲ್ಲಿಬಿಡು.

ಒಂದು ಲೀಟರ್ ಶುದ್ಧ ನೀರಿಗೆ ಸುಮಾರು ಮೂರು ಲೀಟರ್ ಹೊರಹೋಗುತ್ತದೆ. ದಿನಕ್ಕೆ ಹತ್ತು ಲೀಟರ್ ಬಳಸಿದರೆ ತಿಂಗಳಿಗೆ 900 ಲೀಟರ್. ಆ ಪೈಪನ್ನು ಸಿಂಕಿಗೆ ಬಿಡದೆ ಡ್ರಮ್ಮಿಗೆ ಬಿಡಿಸು, ನೆಲ ಒರೆಸಲು, ಕಕ್ಕಸಿಗೆ ಆಗುತ್ತದೆ. ತುಳಸಿಗೆ, ಕರಿಬೇವಿಗೆ ಹಾಕಬೇಡ: ಒಳಹೋಗುವ ನೀರು 900 ಟಿಡಿಎಸ್ ಇದ್ದರೆ ಹೊರಬರುವುದು 1200ರ ಹತ್ತಿರ ಇರುತ್ತದೆ, ಮಣ್ಣಿನಲ್ಲಿ ಉಪ್ಪು ಕಟ್ಟುತ್ತದೆ. ವೇಸ್ಟ್ ಕಡಿಮೆ ಮಾಡಿಕೊಡುತ್ತೇವೆ ಎಂದು ಯಾರಾದರೂ ಆ ಪೈಪನ್ನು ಬಿಗಿಮಾಡಲು ಬಂದರೆ ಒಪ್ಪಬೇಡ. ಲವಣ ತೊಳೆದುಹೋಗದೆ ಮೆಂಬ್ರೇನ್ ಮೇಲೆ ಸುಣ್ಣ ಕಟ್ಟಿ ಅದು ಬೇಗ ಸಾಯುತ್ತದೆ. ಟ್ಯಾಂಕು ತುಂಬಿದ ಮೇಲೂ ವೇಸ್ಟ್ ನೀರು ಹರಿಯುತ್ತಿದ್ದರೆ ನೀರು ತಾನಾಗಿ ನಿಲ್ಲಿಸುವ ಸೊಲೆನಾಯ್ಡ್ ವಾಲ್ವ್ ಇಲ್ಲವೇ ಫ್ಲೋಟ್ ಕೆಟ್ಟಿರುತ್ತದೆ, ಆಗ ಕೂಡಲೇ ಕರೆಸು.

ತಿಂಗಳ ಮೊದಲ ದಿನ ಮಷೀನಿಗೆ ಹೋಗುವ ನೀರಿನ ಮತ್ತು ಅದರಿಂದ ಬರುವ ಕುಡಿಯುವ ನೀರಿನ ಟಿಡಿಎಸ್ ಎರಡನ್ನೂ ಅಳೆದು ಕ್ಯಾಲೆಂಡರ್ ಮೇಲೆ ಬರೆದಿಡು. ಒಳ್ಳೆಯ ಮೆಂಬ್ರೇನು ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ತಡೆಯುತ್ತದೆ. 900 ಇದ್ದದ್ದು 90ರೊಳಗೆ ಬರುತ್ತಿದ್ದು, ಮುಂದೆ 180, 200 ಆಯಿತೆಂದರೆ ಬದಲಿಸುವ ಕಾಲ ಬಂತು. ಅಂಕಿ ಸರಿಯಿದ್ದರೆ ‘ವರ್ಷವಾಯಿತು ಮೇಡಂ’ ಎನ್ನುವ ಮಾತಿಗೆ ಬದಲಿಸಬೇಡ. ಕಾರ್ಬನ್ ಫಿಲ್ಟರನ್ನು ಮಾತ್ರ ತಡಮಾಡದೆ ಬದಲಿಸು, ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕುವ ಮನೆಯಲ್ಲಂತೂ. ಕ್ಲೋರಿನ್ನನ್ನು ಹಿಡಿಯುವುದು ಅದೇ, ಅದು ಸೋತರೆ ಕ್ಲೋರಿನ್ ನೇರ ಮೆಂಬ್ರೇನನ್ನು ಸುಡುತ್ತದೆ. ಬಿಡಿಭಾಗ ಹಾಕುವಾಗ ಸೀಲ್ ಒಡೆಯುವುದು ನಿನ್ನ ಕಣ್ಣೆದುರೇ ಆಗಲಿ. ಹಳೆಯದನ್ನು ಕೇಳಿ ಇಟ್ಟುಕೋ. ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಆಗ ಸೀರಿಯಲ್ ನಂಬರ್ ಇರುವ ಬಿಲ್ಲು ಬೇಕಾಗುತ್ತದೆ.

ಲ್ಯಾಬಿನ ವರದಿ ಬಂದ ದಿನವೇ ಫೋಟೋ ತೆಗೆದು ಕಳಿಸು. ಫ್ಲೋರೈಡ್ ಎಷ್ಟಿದೆ ನೋಡಿಕೊಂಡು ಫೋನ್ ಮಾಡುತ್ತೇನೆ, ಯಾವ ಮಷೀನು ಎಂದು ಆಗ ಕೂತು ಮಾತಾಡೋಣ. ಅಳಿಯಂದಿರಿಗೆ ನನ್ನ ನಮಸ್ಕಾರ ತಿಳಿಸು, ಕೂಸಿಗೆ ಮುತ್ತು.

ಇಂತಿ ನಿನ್ನ
ಸೋದರಮಾವ