ಪುಣೆಯ ಹಿಂಜವಡಿಯಲ್ಲಿರುವ ಅಳಿಯನಿಗೆ, ಇಂಗ್ಲಿಷ್ ನುಡಿಗಟ್ಟಿನ ವಿಷಯವಾಗಿ

ಡೊಂಬಿವಲಿ

ಚಿ. ಮಾಣಿಗೆ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮೆಸೇಜ್ ಓದಿದೆ. ಅಮೆರಿಕದ ಕ್ಲೈಂಟ್ 'ಲೆಟ್ಸ್ ಟೇಬಲ್ ದಿಸ್' ಅಂದ, ನೀನು ಈಗಲೇ ಚರ್ಚೆ ಅಂದುಕೊಂಡು ಸ್ಕ್ರೀನ್ ಶೇರ್ ಮಾಡಿದೆ, ಆಚೆ ಕಡೆ ಎಲ್ಲ ಗಪ್‌ಚಿಪ್. ಅದಕ್ಕೆ ಈಗ ನುಡಿಗಟ್ಟಿನ ದಪ್ಪ ಪುಸ್ತಕ ತಂದು ಬಾಯಿಪಾಠ ಮಾಡುತ್ತೇನೆ ಅಂತ ಹೊರಟಿದ್ದೀಯ. ಬೇಡ ಮಾರಾಯ. ಫೋನಿನಲ್ಲಿ ಹೇಳಿದರೆ ನೀನು ಹೂಂ ಹೂಂ ಅನ್ನುತ್ತಾ ಲ್ಯಾಪ್‌ಟಾಪ್ ನೋಡುತ್ತಿರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ಟೇಬಲ್ ವಿಷಯ. ಬ್ರಿಟಿಷರಲ್ಲಿ ಟೇಬಲ್ ಮಾಡುವುದೆಂದರೆ ಚರ್ಚೆಗೆ ಮುಂದಿಡುವುದು. ನಮ್ಮ ಇಂಗ್ಲಿಷ್ ಪೇಪರುಗಳಲ್ಲೂ ಸಂಸತ್ತಿನಲ್ಲಿ ಮಸೂದೆ ಟೇಬಲ್ ಆಯಿತು ಅಂದರೆ ಮಂಡನೆ ಆಯಿತು ಅಂತಲೇ ಅರ್ಥ. ಅಮೆರಿಕದಲ್ಲಿ ಪೂರ್ತಿ ಉಲ್ಟಾ. ಸದ್ಯಕ್ಕೆ ಬದಿಗಿಡೋಣ ಅಂತ. ನೀನೊಬ್ಬನೇ ಇದರಲ್ಲಿ ಸಿಕ್ಕಿಹಾಕಿಕೊಂಡದ್ದಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿನ ಸೇನಾಧಿಕಾರಿಗಳು ಒಂದು ತುರ್ತು ವಿಷಯ ಹಿಡಿದುಕೊಂಡು ಬಂದು, ಇದನ್ನು ಟೇಬಲ್ ಮಾಡಬೇಕು ಅಂದರು. ಅಮೆರಿಕದವರು ಸುತಾರಾಂ ಒಪ್ಪಲಿಲ್ಲ. ತುಂಬ ಹೊತ್ತು ಜಗಳವೇ ಆಯಿತು. ಕೊನೆಗೆ ನೋಡಿದರೆ ಇಬ್ಬರಿಗೂ ಬೇಕಾದ್ದು ಒಂದೇ! ಚರ್ಚಿಲ್ ತನ್ನ ಯುದ್ಧದ ನೆನಪುಗಳಲ್ಲಿ ಇದನ್ನು ಬರೆದಿದ್ದಾನೆ. ಹುಟ್ಟಾ ಇಂಗ್ಲಿಷ್ ಆಡುವವರ ಪಾಡೇ ಹೀಗಿರುವಾಗ, ಕುಂದಾಪುರದ ಕನ್ನಡ ಶಾಲೆಯಲ್ಲಿ ಓದಿದ ನೀನು ಯಾಕೆ ನಾಚಿಕೆ ಪಡಬೇಕು?

ಇನ್ನು ಮುಂದೆ ಯಾರಾದರೂ ಅರ್ಥವಾಗದ ಮಾತು ಆಡಿದರೆ ಹೀಗೆ ಮಾಡು. ಆ ಮಾತಿನ ಅರ್ಥ ಕೇಳಬೇಡ. ನೀನು ಮಾಡಬೇಕಾದ ಕೆಲಸ ಏನು ಅಂತ ಕೇಳು. 'ಹಾಗಾದರೆ ಇದನ್ನು ಈ ವಾರ ಶುರು ಮಾಡಲಾ, ಮುಂದಿನ ಮೀಟಿಂಗ್‌ವರೆಗೆ ಕಾಯಲಾ?' ಇಷ್ಟು ಕೇಳುವಷ್ಟು ಇಂಗ್ಲಿಷ್ ನಿನಗೆ ಧಾರಾಳವಾಗಿ ಬರುತ್ತದೆ. ಉತ್ತರದಲ್ಲಿ ಅರ್ಥ ತಾನಾಗಿ ಸಿಗುತ್ತದೆ. ಮರ್ಯಾದೆಯೂ ಹೋಗುವುದಿಲ್ಲ. ಅವರಿಗೂ ಮಾಣಿ ಹುಷಾರಿದ್ದಾನೆ, ತಾರೀಕು ಪಕ್ಕಾ ಮಾಡಿಕೊಳ್ಳುತ್ತಾನೆ ಅನ್ನಿಸುತ್ತದೆ. ಗೊತ್ತಾಗದೆ ಸುಮ್ನೆ ತಲೆ ಆಡಿಸಿ ಬರುವುದಿದೆಯಲ್ಲ, ಅದರಷ್ಟು ದುಬಾರಿ ಬೇರೆ ಇಲ್ಲ.

ಎರಡನೆಯದು, ಆಡುವವರು ಯಾವ ಊರಿನವರು ನೋಡು. ಅಮೆರಿಕದವರ ಮಾತಿನಲ್ಲಿ ಬೇಸ್‌ಬಾಲ್ ಜಾಸ್ತಿ. 'ಬಾಲ್‌ಪಾರ್ಕ್ ಫಿಗರ್ ಕೊಡು' ಅಂದರೆ ಒಂದು ಸುಮಾರು ಅಂದಾಜು ಸಾಕು ಅಂತ. ಬಾಲ್‌ಪಾರ್ಕ್ ಎಂದರೆ ಅವರ ಆಟದ ಮೈದಾನ. ಅದಕ್ಕೆ ಹೋಗಿ ರಾತ್ರಿಯೆಲ್ಲ ಎಕ್ಸೆಲ್ ಮುಂದೆ ಕೂತು ಪೈಸೆ ಲೆಕ್ಕ ಹಾಕಬೇಡ. 'ಟಚ್ ಬೇಸ್' ಅಂದರೆ ಒಂದೆರಡು ನಿಮಿಷ ಮಾತಾಡೋಣ ಅಂತ, ದೊಡ್ಡ ಮೀಟಿಂಗ್ ಅಲ್ಲ. 'ರೇನ್ ಚೆಕ್' ಅಂದರೆ ಇವತ್ತು ಆಗೋದಿಲ್ಲ, ಇನ್ನೊಮ್ಮೆ ನೋಡೋಣ ಅಂತ. ಮಳೆ ಬಂದು ಆಟ ನಿಂತರೆ ಬೇರೆ ದಿನ ಬಂದು ನೋಡಲು ಒಂದು ಚೀಟಿ ಕೊಡುತ್ತಿದ್ದರು, ಅದು ಅಲ್ಲಿಂದ ಬಂದದ್ದು. ಬ್ರಿಟಿಷರದ್ದು ನಿನಗೆ ಸುಲಭ, ಕ್ರಿಕೆಟ್ ಅಲ್ವಾ. 'ಸ್ಟಿಕಿ ವಿಕೆಟ್' ಕೇಳಿರುತ್ತೀಯ. ಹಿಂದೆ ಪಿಚ್ಚಿಗೆ ಹೊದಿಕೆ ಇರಲಿಲ್ಲ. ಮಳೆಯಲ್ಲಿ ನೆನೆದು ಬಿಸಿಲಿಗೆ ಒಣಗುವಾಗ ಚೆಂಡು ಹೇಗೆ ಬೇಕಾದರೂ ಪುಟಿಯುತ್ತಿತ್ತು. ಅಂಥ ಪೇಚಿನ ಪರಿಸ್ಥಿತಿ ಅಂತ ಅರ್ಥ.

ನಿಜವಾಗಿ ಕಷ್ಟ ಕೊಡುವುದು ಇಂಥವಲ್ಲ. ಬಾಲ್‌ಪಾರ್ಕ್ ಕೇಳಿದಾಗ ಗೊತ್ತಿಲ್ಲ ಅಂತಾದರೂ ಗೊತ್ತಾಗುತ್ತದೆ. ಕೆಲವು ಮಾತಿನಲ್ಲಿ ಪ್ರತಿ ಪದವೂ ಗೊತ್ತಿರುತ್ತದೆ, ಗೊತ್ತಾಯಿತು ಅಂತಲೇ ನಾವು ಮುಂದೆ ಹೋಗಿಬಿಡುತ್ತೇವೆ. ನಾನು ಮುಂಬಯಿಯ ಫೋರ್ಟಿನ ಕನ್ನಡ ರಾತ್ರಿಶಾಲೆ ಮುಗಿಸಿ ಬಲ್ಲಾರ್ಡ್ ಎಸ್ಟೇಟಿನ ಒಂದು ಶಿಪ್ಪಿಂಗ್ ಏಜೆಂಟರ ಆಫೀಸು ಸೇರಿದ್ದ ಹೊಸತು. ಬಾಕಿ ದುಡ್ಡು ಕೇಳಿ ಬರೆದದ್ದಕ್ಕೆ ಲಂಡನ್ನಿನಿಂದ ಉತ್ತರ ಬಂತು. 'ವಿ ಶಲ್ ಬೇರ್ ಇಟ್ ಇನ್ ಮೈಂಡ್.' ನಮ್ಮ ಟೇಬಲಿನವರಿಗೆಲ್ಲ ಖುಷಿ, ನೆನಪಿಟ್ಟುಕೊಳ್ಳುತ್ತಾರಂತೆ ಅಂತ. ಪಾರ್ಸಿ ಹೆಡ್‌ಕ್ಲರ್ಕ್ ಕನ್ನಡಕ ಏರಿಸಿ ಓದಿದರು, ಕಾಗದಕ್ಕೆ ತೂತು ಹೊಡೆದು ಫೈಲಿಗೆ ಹಾಕಿ, ಕೆಳಗಿನ ಡ್ರಾಯರಿಗೆ ತಳ್ಳಿದರು. 'ಮರೆತರು ಅಂತ ಬರೆದಿದ್ದಾರೆ, ಇನ್ನೊಂದು ಕಾಗದ ಟೈಪ್ ಮಾಡಿ' ಅಂದರು. ಹಾಗೇ ಆಯಿತು. 'ವಿತ್ ರೆಸ್ಪೆಕ್ಟ್' ಅಂತ ಶುರು ಮಾಡಿದರೆ ಮುಂದೆ ಬರುವುದು ಬೈಗುಳ ಅಂತ ತಿಳಿ. 'ಕ್ವೈಟ್ ಗುಡ್' ಅನ್ನುವುದು ಇನ್ನೊಂದು. ಅಮೆರಿಕದವನು ಅಂದರೆ ಚೆನ್ನಾಗಿದೆ ಅಂತ. ಲಂಡನ್ನಿನವನು ಅಂದರೆ ಎಷ್ಟೋ ಸಲ ಪರವಾಗಿಲ್ಲ ಅಂತ ಅಷ್ಟೇ. ಪದ ನೋಡಿದರೆ ತಿಳಿಯುವುದಿಲ್ಲ, ಆಮೇಲೆ ಅವರು ಏನು ಮಾಡಿದರು ನೋಡಬೇಕು.

ನಾವು ಇಂಗ್ಲಿಷ್ ಅಂದುಕೊಂಡು ಆಡುವ ಎಷ್ಟೋ ಮಾತು ಅವರಿಗೂ ತಲೆಬುಡ ತಿಳಿಯುವುದಿಲ್ಲ. 'ಐ ಹ್ಯಾವ್ ಎ ಡೌಟ್' ಅಂತ ನೀನು ಮೀಟಿಂಗಿನಲ್ಲಿ ಹೇಳುತ್ತೀಯಲ್ಲ? ನಿನಗೆ ಕೇಳಬೇಕಾದದ್ದು ಒಂದು ಪ್ರಶ್ನೆ. ಅವರಿಗೆ ಕೇಳಿಸುವುದು, ಇವನಿಗೆ ನಮ್ಮ ಮೇಲೆ ನಂಬಿಕೆ ಇಲ್ಲ ಅಂತ. 'ಕ್ವೆಶ್ಚನ್' ಅನ್ನು, ಮುಗಿಯಿತು. 2019ರಲ್ಲಿ 'ಪಾಸ್ ಔಟ್' ಆದೆ ಅಂದರೆ ಆ ವರ್ಷ ಪ್ರಜ್ಞೆ ತಪ್ಪಿ ಬಿದ್ದೆ ಅಂತ ತಿಳಿಯುತ್ತಾರೆ. ಊರಲ್ಲಿಲ್ಲ ಅನ್ನಲು 'ಔಟ್ ಆಫ್ ಸ್ಟೇಷನ್' ಅನ್ನುವುದು ಕಂಪನಿ ಸರಕಾರದ ಕಾಲದ್ದು, ಬೇಕಾದ್ದು ಮಾಡಿ ಅನ್ನಲು 'ಡು ದ ನೀಡ್‌ಫುಲ್' ಅನ್ನುವುದು ಬ್ರಿಟಿಷರೇ ಬಿಟ್ಟುಹಾಕಿದ್ದು. ಮಾಟುಂಗಾದಲ್ಲಿ, ಪುಣೆಯಲ್ಲಿ ನಮ್ಮ ನಮ್ಮೊಳಗೆ ಧಾರಾಳವಾಗಿ ಆಡು, ಅದರಲ್ಲಿ ತಪ್ಪಿಲ್ಲ. ನನಗೆ 'ಪ್ರಿಪೋನ್' ಅಂದರೆ ಬಹಳ ಇಷ್ಟ, ಗೊತ್ತು ಮಾಡಿದ ದಿನವನ್ನು ಹಿಂದಕ್ಕೆ ತಂದು ಬೇಗ ಮಾಡುವುದಕ್ಕೆ ಎಂಥ ಉಪಯೋಗದ ಪದ! ಹೊರಗಿನವರಿಗೆ ಮಾತ್ರ ಬಿಡಿಸಿ ಬರಿ.

ನೀನಾಗಿ ನುಡಿಗಟ್ಟು ಆಡುವ ಆಸೆ ಸ್ವಲ್ಪ ತಡೆದುಕೋ. ಇವು ಅಚ್ಚು ಹಾಕಿಟ್ಟ ಮಾತು, ಒಂದೊಂದರ ಸ್ವಭಾವ ಒಂದೊಂದು ಥರ. ಗುಟ್ಟು ರಟ್ಟು ಮಾಡುವುದಕ್ಕೆ 'ಸ್ಪಿಲ್ ದ ಬೀನ್ಸ್' ಅನ್ನುತ್ತಾರೆ, ಅದನ್ನು 'ದ ಬೀನ್ಸ್ ವರ್ ಸ್ಪಿಲ್ಡ್' ಅಂತ ತಿರುಗಿಸಿ ಹೇಳಿದರೂ ನಡೆಯುತ್ತದೆ. 'ಕಿಕ್ ದ ಬಕೆಟ್' ಅಂದರೆ ಸಾಯುವುದು, ಆದರೆ 'ದ ಬಕೆಟ್ ವಾಸ್ ಕಿಕ್ಡ್' ಅಂತ ತಿರುಗಿಸಿದರೆ ಯಾರೂ ಸತ್ತಿಲ್ಲ, ಬರೀ ಬಕೆಟಿಗೆ ಏಟು ಬಿತ್ತು. ಸರಿಯಾಗಿ ಹೇಳಿದರೂ ಅದು ನಮ್ಮ 'ಗೊಟಕ್ ಅಂದ' ಇದ್ದ ಹಾಗೆ. ಕ್ಲೈಂಟಿನ ಅಪ್ಪ ತೀರಿಹೋದಾಗ ಬರೆಯುವ ಮಾತಲ್ಲ. 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ನಮ್ಮ ಶಾಲೆ ಪುಸ್ತಕದವರಿಗೆ ಅದೇನು ಪ್ರೀತಿಯೋ. ಈಗ ಯಾರಾದರೂ ಅಂದರೆ ಅಜ್ಜನ ಕಾಲದವರ ಥರ ಕೇಳಿಸುತ್ತದೆ. ಲೋಕಲ್ ರೈಲು ನಿಂತಿದೆ, ಜೋರು ಮಳೆ ಅಂದರೆ ಸಾಕಲ್ವಾ?

ಹುಲ್ಲಿನ ಮಾಡಿನಿಂದ ನಾಯಿ ಬೆಕ್ಕು ಜಾರಿ ಬೀಳುತ್ತಿದ್ದವು, ಅದಕ್ಕೇ ಆ ಮಾತು ಬಂತು ಅಂತ ನಮ್ಮ ಫ್ಯಾಮಿಲಿ ಗ್ರೂಪಿಗೆ ಕಳಿಸಿದ್ದೀಯಲ್ಲ, ಅದು ಸುಳ್ಳು. 1999ರಲ್ಲಿ ಈಮೇಲಿನಲ್ಲಿ ಹರಿದಾಡಿದ ಕಟ್ಟುಕತೆ. ನುಡಿಗಟ್ಟಿನ ಹುಟ್ಟಿನ ಕತೆ ಎಷ್ಟು ಚೆಂದ ಇರುತ್ತದೋ ಅಷ್ಟು ಅನುಮಾನ ಪಡು. ಮತ್ತೆ, ಹುಟ್ಟು ತಿಳಿದರೂ ಈಗಿನ ಬಳಕೆ ತಿಳಿದ ಹಾಗಾಗುವುದಿಲ್ಲ.

ಪುಸ್ತಕ ಬೇಕೇ ಬೇಕು ಅಂತಿದ್ದರೆ ಕಲಿಯುವವರಿಗಾಗಿ ಮಾಡಿದ ಡಿಕ್ಷನರಿ ಇಟ್ಟುಕೋ. ಎ. ಎಸ್. ಹಾರ್ನ್‌ಬಿ ಅಂತ ಒಬ್ಬ ಮೇಷ್ಟ್ರು ಜಪಾನಿನಲ್ಲಿ ಪಾಠ ಹೇಳುತ್ತಾ, ಬೇರೆ ಮಾತಿನ ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆ ಅಂತ ಕಂಡು ಇಂಥದ್ದೊಂದು ಮಾಡಿದರು. 1942ರಲ್ಲಿ ಅಲ್ಲೇ ಅಚ್ಚಾಯಿತು. ಈಗಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಅದರ ಮುಂದುವರಿಕೆ. ಮೊಬೈಲಿನಲ್ಲೇ ಪುಕ್ಕಟೆ ನೋಡಬಹುದು. ಅರ್ಥದ ಪಕ್ಕದಲ್ಲಿ ಚಿಕ್ಕದಾಗಿ ಬ್ರಿಟಿಷ್, ಅಮೆರಿಕನ್, ಇನ್‌ಫಾರ್ಮಲ್, ಓಲ್ಡ್‌ಫ್ಯಾಶನ್ಡ್ ಅಂತ ಬರೆದಿರುತ್ತದೆ. ಅರ್ಥಕ್ಕಿಂತ ಮೊದಲು ಅದನ್ನು ಓದು. ಮೀಟಿಂಗಿನಲ್ಲಿ ಕೇಳಿದ್ದನ್ನು ಅದೇ ದಿನ ನೋಡು, ಯಾರು ಯಾವ ಸಂದರ್ಭಕ್ಕೆ ಅಂದರು ಅಂತ ಒಂದು ಸಾಲು ಬರೆದಿಟ್ಟುಕೋ. ಕೇಳದೇ ಇರುವುದನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಅಕ್ಕ ಊರಿಂದ ನಿನಗೆ ಅಂತ ಕಳಿಸಿದ ಹಪ್ಪಳ, ಕೊಬ್ಬರಿ ಎಣ್ಣೆ ಇಲ್ಲೇ ಇದೆ. ಶನಿವಾರ ರಜೆ ಇದ್ದರೆ ಬಂದು ತಗೊಂಡು ಹೋಗು. ಹೋದ ಸಲದ ಸ್ಟೀಲ್ ಡಬ್ಬ ತರಲು ಮರೆಯಬೇಡ, ಅತ್ತೆ ಕೇಳುತ್ತಿದ್ದಾಳೆ.

ನಿನ್ನ
ಮಾವ