ಪಾರ್ಕಿನ ಒಂದು ಮೂಲೆ ಕೊಡಿ, ಗಿಡ ಬೆಳೆಸೋದು ಕಲೀತೀವಿ

ಮಾನ್ಯ ಸಂಪಾದಕರೇ,

ನಾನು ತಿಪಟೂರು ಕಡೆಯವನು. ಬೆಂಗಳೂರಿಗೆ ಬಂದು 14 ವರ್ಷ ಆಯಿತು. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇನೆ. ಊರಲ್ಲಿ ತೆಂಗಿನ ತೋಟವಿದೆ, ಮನೆ ಹಿಂದೆ ಹಿತ್ತಲಿದೆ. ಆದರೂ ಇಲ್ಲಿ ಒಂದು ಕುಂಡದಲ್ಲಿ ನೆಟ್ಟಗೆ ಮೆಂತ್ಯ ಸೊಪ್ಪು ಬೆಳೆಯಲು ನನಗೆ ಎರಡು ವರ್ಷ ಹಿಡಿಯಿತು.

ರೈತರ ಮನೆಯಲ್ಲಿ ಹುಟ್ಟಿದವರಿಗೆ ಇದೆಲ್ಲ ತಾನಾಗಿ ಬರುತ್ತದೆ ಅಂತ ಜನ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಹಿತ್ತಲಲ್ಲಿ ನೆಲಕ್ಕೆ ಆಳ ಇರುತ್ತದೆ, ಜಾಸ್ತಿಯಾದ ನೀರನ್ನು ಭೂಮಿ ಕುಡಿಯುತ್ತದೆ, ನಾವು ಎರಡು ದಿನ ಮರೆತರೂ ಬೇರು ಕೆಳಗಿಳಿದು ತೇವ ಹುಡುಕಿಕೊಳ್ಳುತ್ತದೆ. ಒಂದಡಿ ಕುಂಡದಲ್ಲಿ ಇದ್ಯಾವುದೂ ಇಲ್ಲ. ಎಲ್ಲವನ್ನೂ ನಾವೇ ಕೊಡಬೇಕು, ಅದೂ ಅಳತೆ ಮೀರದ ಹಾಗೆ. ಇದು ಬೇರೆಯದೇ ವಿದ್ಯೆ. ಯಾರಾದರೂ ಕೈಹಿಡಿದು ಕಲಿಸಬೇಕು.

ನಾನು ಮೊದಲು ಮಾಡಿದ್ದು ಏನೆಂದರೆ, ಪಕ್ಕದ ರಸ್ತೆಯಲ್ಲಿ ಮನೆ ಕಟ್ಟಲು ಪಾಯ ತೆಗೆದಿದ್ದ ಕೆಂಪು ಮಣ್ಣನ್ನು ಕೇಳಿ ತಂದು, ಕುಂಡಗಳಿಗೆ ತುಂಬಿ, ಟೊಮೆಟೊ ಸಸಿ ನೆಟ್ಟು, ಬೆಳಗ್ಗೆ ಸಂಜೆ ತಪ್ಪದೆ ನೀರು ಹಾಕಿದ್ದು. ಮೇಲ್ಮಣ್ಣು ಮಧ್ಯಾಹ್ನದ ಬಿಸಿಲಿಗೆ ಇಟ್ಟಿಗೆಯಂತೆ ಗಟ್ಟಿಯಾಗುತ್ತಿತ್ತು, ಒಳಗೆ ಮಾತ್ರ ಕೆಸರು. ಹತ್ತೇ ದಿನಕ್ಕೆ ಬೇರು ಕೊಳೆಯಿತು. ಸಸಿ ಬಾಡಿದ್ದು ನೋಡಿ ನೀರು ಸಾಲದು ಅಂತ ಇನ್ನೂ ಸುರಿದೆ. ವಿಡಿಯೊ ನೋಡಿ ಕಲಿಯಿರಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ರಾಶಿ ನೋಡಿದೆ. ಆದರೆ ಮಣ್ಣು ಎಷ್ಟು ಒದ್ದೆ ಇರಬೇಕು ಅನ್ನುವುದು ವಿಡಿಯೊದಲ್ಲಿ ಕೈಗೆ ಸಿಗುವುದಿಲ್ಲ.

ಅದು ಸಿಕ್ಕಿದ್ದು ಲಾಲ್‌ಬಾಗ್‌ನಲ್ಲಿ, ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ. ಗಾಜಿನ ಮನೆಯ ಹೂವು ನೋಡಲು ಹೋದವನು, ಹೊರಗೆ ಸಸಿ ಮಾರುತ್ತಿದ್ದ ಹಿರಿಯರೊಬ್ಬರ ಹತ್ತಿರ ನಿಂತುಬಿಟ್ಟೆ. ನನ್ನ ಕಥೆ ಕೇಳಿ ಅವರು ಸುಮ್ನೆ ಒಂದು ಹಿಡಿ ಮಣ್ಣು ತೆಗೆದು ನನ್ನ ಅಂಗೈಗೆ ಹಾಕಿದರು. "ಮುಷ್ಟಿ ಕಟ್ಟಿ ಸಾರ್. ಉಂಡೆ ಆಗ್ಬೇಕು. ಈಗ ಬೆರಳಲ್ಲಿ ತಟ್ಟಿ. ಉದುರ್ಬೇಕು." ಅಷ್ಟೇ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ನೀರು ಹಾಕುವ ಮುಂಚೆ ಬೆರಳಿನ ಎರಡು ಗೆಣ್ಣು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ ಅಂದರು. ಎರಡು ವರ್ಷದಲ್ಲಿ ಕಲಿಯದ್ದನ್ನು ಹತ್ತು ನಿಮಿಷದಲ್ಲಿ ಕಲಿತು ಬಂದೆ. (ಆ ನಾರಿನ ಪುಡಿ ನಮ್ಮ ತಿಪಟೂರಿನ ನಾರಿನ ಫ್ಯಾಕ್ಟರಿಗಳ ಪಕ್ಕ ಗುಡ್ಡದಂತೆ ಬಿದ್ದಿರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದಕ್ಕೆ ಇಷ್ಟು ಬೆಲೆ ಇದೆ ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ.)

ಆಮೇಲೆ ಗಿಡಗಳು ಬಂದವು. ಮೆಂತ್ಯ 25 ದಿನಕ್ಕೆ ಕೊಯ್ಲಿಗೆ ಬಂತು. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು ಅಂತ ಅವ್ವ ಫೋನಿನಲ್ಲಿ ಹೇಳಿಕೊಟ್ಟಳು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿಯ ದಂಟಿನ ಸೊಪ್ಪನ್ನು ಕೊಯ್ದಷ್ಟೂ ಮತ್ತೆ ಚಿಗುರುತ್ತದೆ, ಕಿತ್ತು ಹಾಕಬೇಕಿಲ್ಲ. ಬಸಳೆಗಂತೂ ದುಡ್ಡೇ ಬೇಡ. ಮಾರ್ಕೆಟ್ಟಿನಿಂದ ತಂದ ಕಟ್ಟಿನಲ್ಲಿ ದಪ್ಪ ದಂಟು ಆರಿಸಿ, ಎಲೆ ಬಿಡಿಸಿಕೊಂಡು, ಕಡ್ಡಿ ಊರಿದರೆ ವಾರದಲ್ಲಿ ಬೇರು ಬಿಡುತ್ತದೆ. ನಾವೇ ಬೆಳೆದ ಸೊಪ್ಪಿನಲ್ಲಿ ಮೊದಲ ಸಲ ಬಸ್ಸಾರು ಮಾಡಿದ ದಿನ ನನ್ನ ಮಗಳು ಎರಡು ಮುದ್ದೆ ಉಂಡಳು. ಆ ಖುಷಿಯನ್ನು ಹೇಗೆ ಹೇಳಲಿ!

ಆದರೆ ಜಾಗದ ಪ್ರಶ್ನೆ ಹಾಗೇ ಉಳಿಯಿತು. ತಾರಸಿಯ ಮೇಲೆ ಆರು ಚೀಲ ಇಟ್ಟಿದ್ದೆ. ಮನೆ ಓನರ್ ಬಂದು, ಸೋರುತ್ತೆ, ತೆಗೆಯಿರಿ ಅಂದರು. ಅವರ ಭಯ ಸುಳ್ಳಲ್ಲ. ಒಂದಡಿ ಅಗಲ, ಒಂದಡಿ ಎತ್ತರದ ಚೀಲಕ್ಕೆ ಬರೀ ಮಣ್ಣು ತುಂಬಿ ನೀರು ಹಾಕಿದರೆ 30 ಕಿಲೋ ಹತ್ತಿರ ತೂಗುತ್ತದೆ. ಅದನ್ನು ನೇರ ನೆಲಕ್ಕೆ ಇಟ್ಟರೆ ಅಡಿಯಲ್ಲಿ ತೇವ ನಿಂತೇ ಇರುತ್ತದೆ. ಸ್ಟ್ಯಾಂಡ್ ಮೇಲೆ ಇಡುತ್ತೇನೆ, ನೀರು ಹೋಗುವ ದಾರಿ ಕಟ್ಟದಂತೆ ನೋಡಿಕೊಳ್ಳುತ್ತೇನೆ ಅಂತ ಬೇಡಿಕೊಂಡೆ. ಮೂರು ಚೀಲಕ್ಕೆ ಒಪ್ಪಿದರು. ಎಷ್ಟೋ ಜನರಿಗೆ ಅಷ್ಟೂ ಸಿಗುವುದಿಲ್ಲ. 11 ತಿಂಗಳ ಕರಾರಿನಲ್ಲಿ ಇರುವವರು ಕರಿಬೇವಿನ ಗಿಡ ನೆಡುವುದು ಯಾವ ಧೈರ್ಯದ ಮೇಲೆ? ಅದು ಕೈಗೆ ಬರುವ ಹೊತ್ತಿಗೆ ಮನೆ ಬದಲಾಗಿರುತ್ತದೆ ಅಲ್ವಾ?

ನೀರಿನ ಮಾತು ಬಂದೇ ಬರುತ್ತದೆ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಅದು ಸರಿಯಾದ ಆದೇಶ. ಕಾವೇರಿ ನೀರನ್ನು ಗಿಡಕ್ಕೆ ಸುರಿಯುವಷ್ಟು ನಮ್ಮಲ್ಲಿಲ್ಲ. ಆ ಬೇಸಿಗೆಯಲ್ಲಿ ನನ್ನ ಗಿಡ ಬದುಕಿದ್ದು ಅಕ್ಕಚ್ಚಿನಿಂದ, ತರಕಾರಿ ತೊಳೆದ ನೀರಿನಿಂದ. ಊರಲ್ಲಿ ಅಕ್ಕಚ್ಚು ಎಮ್ಮೆಗೆ ಹೋಗುತ್ತಿತ್ತು, ಇಲ್ಲಿ ಬಸಳೆಗೆ. ಬುಡಕ್ಕೆ ಒಣ ಎಲೆ ಹೊದಿಸಿದರೆ ಇನ್ನೂ ಕಡಿಮೆ ನೀರು ಸಾಕು ಅಂತ ಗೊತ್ತಾಗಿದ್ದೂ ಆಗಲೇ.

ಆ ಒಣ ಎಲೆ ಹುಡುಕಿಕೊಂಡು ಹತ್ತಿರದ ಪಾರ್ಕಿಗೆ ಹೋದೆ. ಹೊಂಗೆ ಎಲೆ ಉದುರುವ ಕಾಲ. ಬೆಳಗ್ಗೆ ಏಳು ಗಂಟೆಗೆ ಗುಡಿಸಿ ರಾಶಿ ಹಾಕಿ ಬೆಂಕಿ ಇಟ್ಟಿದ್ದರು. ವಾಕಿಂಗ್ ಬಂದವರು ಕೆಮ್ಮುತ್ತಾ ಸುತ್ತು ಹಾಕುತ್ತಿದ್ದರು. ಬಯಲಲ್ಲಿ ಕಸ ಸುಡಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ನಾನು ಅಂಗಡಿಯಲ್ಲಿ ದುಡ್ಡು ಕೊಟ್ಟು ಚೀಲ ಗೊಬ್ಬರ ತರುತ್ತಿದ್ದೇನೆ, ಇಲ್ಲಿ ಗೊಬ್ಬರ ಆಗಬೇಕಾದ್ದು ಹೊಗೆಯಾಗುತ್ತಿದೆ. ಹೊಟ್ಟೆ ಉರಿಯಿತು. ಪಾರ್ಕಿನ ಮಾಲಿಯನ್ನು ಮಾತಾಡಿಸಿದೆ. ಅವರೂ ಹಳ್ಳಿಯವರೇ. ತಿಪ್ಪೆ ಮಾಡೋದು ನಂಗೂ ಗೊತ್ತು ಸಾರ್, ಗುಂಡಿ ತೋಡೋಕೆ ಮೇಲಿನವರು ಹೇಳ್ಬೇಕಲ್ಲ ಅಂದರು. ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಹತ್ತಿದೆ ಅಂದಾಗ, ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಕಲಸಿ ಸಂಜೆ ಹೊತ್ತು ಎಲೆಯ ಕೆಳಗೂ ಹೊಡೆಯಿರಿ ಅಂತ ನಿಂತಲ್ಲೇ ಹೇಳಿಕೊಟ್ಟರು. ಇಂಥ ಮೇಷ್ಟ್ರು ನಮ್ಮ ಪಾರ್ಕಿನಲ್ಲೇ ಇದ್ದಾರೆ. ಅವರ ಕೈಗೆ ಪೊರಕೆ ಮಾತ್ರ ಕೊಟ್ಟಿದ್ದೇವೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಬೆಂಗಳೂರಿನಲ್ಲಿ ಸಾವಿರಕ್ಕೂ ಹೆಚ್ಚು ಪಾರ್ಕುಗಳಿವೆ. ಒಂದೊಂದರಲ್ಲೂ ಬಿಸಿಲು ಬೀಳುವ ಕಡೆ 20 ಅಡಿಗೆ 10 ಅಡಿ ಮೂಲೆಯೊಂದನ್ನು ಕಲಿಯುವವರಿಗೆ ಬಿಟ್ಟುಕೊಡಿ. ಪಕ್ಕದಲ್ಲಿ ಎಲೆಗೊಂದು ಗುಂಡಿ ಇರಲಿ. ಭಾನುವಾರ ಬೆಳಗ್ಗೆ ಎರಡು ಗಂಟೆ ಹೊತ್ತು ಮಾಲಿ ಕಲಿಸಲಿ, ಬಾಡಿಗೆ ಮನೆಯವರು, ಮಕ್ಕಳು, ರಿಟೈರ್ ಆದವರು ಯಾರು ಬೇಕಾದರೂ ಬಂದು ಕಲಿಯಲಿ. ಮಾಲಿಗೆ ಆ ಎರಡು ಗಂಟೆಗೆ ಬೇರೆ ಸಂಬಳ ಕೊಡಲೇಬೇಕು, ಬಿಟ್ಟಿ ಕೆಲಸ ಮಾಡಿಸುವುದಾದರೆ ಈ ಯೋಜನೆಯೇ ಬೇಡ. ಸೊಪ್ಪನ್ನು ಯಾರಾದರೂ ಕಿತ್ತುಕೊಂಡು ಹೋಗುತ್ತಾರೆ ಅನ್ನುವವರು ಇದ್ದಾರೆ. ಹೋಗಲಿ ಬಿಡಿ, ಒಂದು ಹಿಡಿ ದಂಟಿನ ಸೊಪ್ಪು ತಾನೇ. ಅಂದ ಕೆಡುತ್ತದೆ ಅನ್ನುವವರಿಗೆ, ಹೂ ಬಿಟ್ಟ ಬೆಂಡೆ ಗಿಡವನ್ನು ಒಮ್ಮೆ ಹತ್ತಿರದಿಂದ ನೋಡಿ ಅಂತ ಮಾತ್ರ ಹೇಳುತ್ತೇನೆ. ದಾಸವಾಳದ ಕುಟುಂಬದ್ದೇ ಅದು, ಹೂವೂ ಅಷ್ಟೇ ಚೆಂದ.

2025ರಲ್ಲಿ ನಗರಕ್ಕೆ ಒಂದರ ಬದಲು ಐದು ಪಾಲಿಕೆಗಳಾದವು. ಐದೂ ಒಟ್ಟಿಗೆ ಮಾಡಲಿ ಅಂತ ಕಾಯುವುದು ಬೇಡ, ಯಾವುದಾದರೂ ಒಂದು ಪಾಲಿಕೆ ಒಂದು ಪಾರ್ಕಿನಲ್ಲಿ ಶುರುಮಾಡಲಿ. ಹೊಂಗೆ ಎಲೆ ಉದುರುವ ಮುಂಚೆ ಗುಂಡಿ ತೋಡಿಸಿದರೆ ಮುಂಗಾರಿನ ಹೊತ್ತಿಗೆ ಗೊಬ್ಬರ ಸಿದ್ಧವಾಗುತ್ತದೆ. ಮೊದಲ ಭಾನುವಾರಕ್ಕೆ ಬಸಳೆ ಕಡ್ಡಿ ನಾನು ತರುತ್ತೇನೆ.

ಇಂತಿ,
ಒಬ್ಬ ಬಾಡಿಗೆದಾರ, ಬೆಂಗಳೂರು