ಕಾಮಿಕ್ ಕಾನ್‌ಗೆ ಹೊರಡೋ ಮುಂಚೆ: ದುಡ್ಡಿನ ವಿಷಯ

ಎಲ್ಲರಿಗೂ ನಮಸ್ಕಾರ. ಈ ಸಲ ಬೆಂಗಳೂರು ಕಾಮಿಕ್ ಕಾನ್‌ಗೆ (ಕಾಮಿಕ್ಸ್ ಅಭಿಮಾನಿಗಳ ಮೇಳ) ಮೊದಲ ಬಾರಿ ಬರ್ತಿರೋರು ನಮ್ಮ ಗುಂಪಲ್ಲಿ ತುಂಬಾ ಜನ ಇದ್ದೀರಿ, ಹೆಚ್ಚಿನವರು ಕಾಲೇಜು ಮಕ್ಕಳು. ಅದಕ್ಕೇ ಬರೀತಿದ್ದೀನಿ.

ಜಾಗ ಹೋದ ವರ್ಷಗಳ ಹಾಗೆ ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನ ಕೇಂದ್ರ ಆದ್ರೆ ಕ್ಯಾಬ್ ಬೇಡ, ಮೆಟ್ರೊ ಹಿಡೀರಿ. ನೇರಳೆ ಮಾರ್ಗ 2023ರಿಂದ ಅಲ್ಲಿವರೆಗೂ ಇದೆ. ಉಳಿದ ದುಡ್ಡಲ್ಲಿ ಒಂದು ಕಾಮಿಕ್ಸ್ ಬರುತ್ತೆ.

ಒಳಗೆ ಹೋದ ತಕ್ಷಣ ಏನೂ ಕೊಳ್ಳಬೇಡಿ. ಪೂರ್ತಿ ಒಂದು ಸುತ್ತು ಹಾಕಿ, ಇಷ್ಟವಾದದ್ದರ ಬೆಲೆ ಫೋನಲ್ಲಿ ಬರ್ಕೊಳ್ಳಿ. ಹಿಂದೊಮ್ಮೆ ನಾನು ಮೊದಲನೇ ಸಾಲಲ್ಲೇ 1,800 ರೂಪಾಯಿ ಕೊಟ್ಟು ಒಂದು ಗೊಂಬೆ ತಗೊಂಡೆ. ಮನೆಗೆ ಬಂದು ನೋಡಿದ್ರೆ ಕಣ್ಣಿನ ಬಣ್ಣ ಕೆನ್ನೆಗೆ ಹರಡಿತ್ತು, ಡಬ್ಬದ ಮೇಲೆ ತಯಾರಕರ ಹೆಸರೇ ಇರ್ಲಿಲ್ಲ. ನಕಲಿ ಮಾಲು. ಅವತ್ತು ತುಂಬಾ ಬೇಜಾರಾಯ್ತು. ದಯವಿಟ್ಟು ಡಬ್ಬ ತಿರುಗಿಸಿ ನೋಡಿ, ಬಿಲ್ ಕೇಳಿ.

ನನ್ನನ್ನ ಕೇಳಿದ್ರೆ, ಚಿತ್ರಕಾರರು ಕೂತಿರೋ ಸಾಲಿಗೇ ದುಡ್ಡು ಮೀಸಲಿಡಿ. ಪ್ರಿಂಟು, ಸ್ಟಿಕ್ಕರ್, ಅವರೇ ಅಚ್ಚು ಹಾಕಿಸಿದ ಪುಸ್ತಕ ಎಲ್ಲ ಸಿಗುತ್ತೆ. ದುಡ್ಡು ನೇರ ಬಿಡಿಸಿದ ಕೈಗೇ ಹೋಗುತ್ತೆ. ಅಲ್ಲಿ ಚೌಕಾಸಿ ಮಾಡಬೇಡಿ. ಪ್ರಿಂಟು ಮಡಚಿ ಹೋಗದಂತೆ ಒಂದು ರಟ್ಟಿನ ಕೊಳವೆ ತನ್ನಿ.

ಜನಜಂಗುಳಿಯಲ್ಲಿ ನೆಟ್‌ವರ್ಕ್ ಕೈಕೊಟ್ಟು ಯುಪಿಐ ನಿಂತುಬಿಡುತ್ತೆ. ಖರ್ಚಿಗೆ ಅಂತ ಗೊತ್ತುಮಾಡಿದ ಮೊತ್ತನ ನೋಟಲ್ಲೇ ಒಂದು ಕವರಲ್ಲಿ ಹಾಕಿಡಿ, ಕವರ್ ಖಾಲಿಯಾದ್ರೆ ಅಲ್ಲಿಗೇ ನಿಲ್ಲಿಸಿ. ವಾಪಸ್ ಬರೋ ಮೆಟ್ರೊ ದುಡ್ಡು ಬೇರೆ ಜೇಬಲ್ಲಿರಲಿ.

ಕಾಮಿಕ್ಸ್ ಪಾತ್ರಗಳ ಹಾಗೆ ವೇಷ ಹಾಕ್ಕೊಂಡು ಬರೋರು, ಬಟ್ಟೆ ಬಾಡಿಗೆಗೆ ತರೋ ಮುಂಚೆ ಇಲ್ಲಿ ಕೇಳಿ. ನನ್ನ ಹತ್ರ ಎರಡು ವಿಗ್, ಒಂದು ಮೇಲಂಗಿ ಇದೆ, ಕೊಡ್ತೀನಿ.